ಕಚ್ಚುವ ನಾಯಿ ಮತ್ತು ಅದರ ಯಜಮಾನ



ನಾಯಿ ಸಾಕುವವರಲ್ಲಿ ಒಂದು ವಿಚಿತ್ರವಾದ ಲೆಕ್ಕಾಚಾರವುಂಟು. ನಾಯಿ ಬುದ್ಧಿವಂತವಾದರೆ ಅದು ನಾವು ಕಲಿಸಿದ ಬುದ್ಧಿ. ಯಾರನ್ನಾದರೂ ಕಚ್ಚಿದರೆ ಮಾತ್ರ ಅದರ ಜಾತಿಯ ಗುಣ. ಈ ಲೆಕ್ಕ ನ್ಯಾಯವಾದುದೆ ಎಂಬುದನ್ನು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಪರರ ಉದಾಹರಣೆ ಬೇಡ, ನನ್ನದನ್ನೇ ನಿವೇದಿಸುತ್ತೇನೆ.

ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿತ್ತಿಲಿನಿಂದ ಜೋಗಿಮಟ್ಟಿಯ ಬೆಟ್ಟಸಾಲು ಕಾಣುತ್ತದೆ. ಕಳ್ಳರ ಭಯದಿಂದ ಆ ಮನೆಯಲ್ಲಿ ಒಂದು ನಾಯಿಯನ್ನು ಸಾಕಿದೆ. ಹಗಲೆಲ್ಲ ಅದಕ್ಕೆ ಸರಪಳಿ. ಅಪರಿಚಿತರನ್ನು ಕಂಡು ಬೊಗಳಿದರೆ ಬೆನ್ನು ತಟ್ಟುತ್ತಿದ್ದೆ. ಸ್ನೇಹಿತರನ್ನು ಕಂಡು ಬೊಗಳಿದರೆ ಬೆತ್ತವನ್ನೆತ್ತುತ್ತಿದ್ದೆ. ಇಬ್ಬರ ಭೇದವನ್ನು ಅದಕ್ಕೆ ತಿಳಿಸಿದವರಾರು? ಒಂದು ಬೆಳಗ್ಗೆ ಅದು ಸರಪಳಿ ಕಳಚಿಕೊಂಡು, ಹಾಲು ತರುವ ಹತ್ತು ವರ್ಷದ ಹುಡುಗನ ತೋಳನ್ನು ಕಚ್ಚಿತು. ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿದೆವು. ಗಾಯ ಮಾಯಿತು. ಆದರೆ ಹುಡುಗನು ನಮ್ಮ ಬೀದಿಯನ್ನೇ ಬಿಟ್ಟು ಸುತ್ತುದಾರಿಯಲ್ಲಿ ಹೋಗತೊಡಗಿದನು. ನಾಯಿಯನ್ನು ಕೊಲ್ಲಿಸಿಬಿಡಿರೆಂದು ನೆರೆಯವರು ಹೇಳಿದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರ ಮನಸ್ಸಿನ ಬೇಸರ ಕಳೆಯಲು ಜೋಗಿಮಟ್ಟಿಯ ಕಡೆ ನಡೆದುಹೋದೆ. 2015ರಲ್ಲಿ ವನ್ಯಜೀವಿಧಾಮವಾದ ಕಾಡು ಅದು, ಚಿರತೆ, ಕರಡಿಗಳುಂಟು. ಕಾಡಿನ ಹೊರಗೆ, ಬೆಟ್ಟದ ಬುಡದಲ್ಲಿ, ಒಬ್ಬ ಮುದುಕ ಕುರಿ ಕಾಯುತ್ತಿದ್ದನು. ಅವನ ನಾಯಿ ನನ್ನನ್ನು ಕಂಡು ಗುರುಗುಟ್ಟಿತು. ಅವನು ಒಂದು ಮಾತಾಡಿದೊಡನೆ ಸುಮ್ಮನಾಯಿತು. ಅವನ ಮೊಮ್ಮಗು ಅದರ ಕಿವಿ ಹಿಡಿದೆಳೆದರೂ ಮಿಸುಕಲಿಲ್ಲ. ನನ್ನ ಕಥೆಯನ್ನು ಕೇಳಿ ಮುದುಕ ಹೇಳಿದನು: “ಇದು ಕಣ್ಣು ಬಿಟ್ಟಾಗಿಂದ ಕುರಿಮರಿ, ಮಕ್ಕಳ ಜತೀಗೇ ಬೆಳೆದೈತೆ, ಸ್ವಾಮಿ. ನಿಮ್ಮದು ಸರಪಳಿ ಬಿಟ್ಟು ಇನ್ನೇನು ಕಂಡೈತೆ? ಅದಕ್ಕಿರೋದು ಸಿಟ್ಟಲ್ಲ, ದಿಗಿಲು.”

ಶಾಸ್ತ್ರಜ್ಞರ ಮಾತೂ ಬೇರೆಯಲ್ಲ. ಮರಿಯು ಲೋಕದ ಪರಿಚಯ ಮಾಡಿಕೊಳ್ಳುವುದು ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ. ಆಗ ಕಾಣದ ಮನುಷ್ಯರು, ಕೇಳದ ಸದ್ದುಗಳು ಮುಂದೆ ಶತ್ರುಗಳಂತೆ ತೋರಬಹುದು. ಜಾತಿಗೆ ತನ್ನದೇ ಒಲವುಂಟು, ನಿಜ. ಓಡುವ ಮೊಲವನ್ನು ಕಂಡರೆ ಮುಧೋಳದ ನಾಯಿಯ ಕಾಲು ನಿಲ್ಲದು. ಆದರೆ ಆ ಒಲವನ್ನು ಯಾವ ದಾರಿಗೆ ಹಚ್ಚಬೇಕೆಂಬುದು ಸಾಕುವವನ ಕೈಯಲ್ಲಿದೆ. 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೊವ್ ಪಂಡಿತನು, ಊಟಕ್ಕೆ ಮುಂಚೆ ಪದೇಪದೇ ಕೇಳಿದ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದನು. ನನ್ನ ನಾಯಿಯ ಮನಸ್ಸಿನಲ್ಲಿ ಅತಿಥಿಯ ಹೆಜ್ಜೆಯ ಸಪ್ಪಳವು ಬೆತ್ತದೊಡನೆ ಗಂಟುಬಿದ್ದಿತ್ತು. ಗಂಟು ಹಾಕಿದವನು ನಾನು.

ಅದನ್ನು ಬಿಚ್ಚುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಪಶುವೈದ್ಯರಿಗೆ ತೋರಿಸಬೇಕು; ಹಲ್ಲುನೋವು, ಕಿವಿನೋವುಗಳಿಂದಲೂ ನಾಯಿ ಕಚ್ಚುವುದುಂಟು. ಬೆತ್ತವನ್ನು ಬಿಡಬೇಕು. ಗುರುಗುಟ್ಟಿದುದಕ್ಕೆ ಹೊಡೆಯಬಾರದು, ಅದು ನಾಯಿ ಕೊಡುವ ಮುನ್ಸೂಚನೆ. ಹೊಡೆದರೆ ಮುನ್ಸೂಚನೆ ಅಡಗೀತು, ಭಯ ಅಡಗದು. ಅಪರಿಚಿತನನ್ನು ಕಂಡರೂ ನಾಯಿ ಕೆರಳದಷ್ಟು ದೂರದಲ್ಲಿ ನಿಲ್ಲಿಸಿಕೊಂಡು, ಅವನು ಕಂಡಾಗಲೆಲ್ಲ ಒಂದು ತುಣುಕು ತಿಂಡಿ ಕೊಡಬೇಕು. ದಿನಗಳು ಕಳೆದಂತೆ ಆ ದೂರವನ್ನು ಮೆಲ್ಲಮೆಲ್ಲನೆ ಕಡಮೆಮಾಡಬೇಕು. ಮನೆಯವರೆಲ್ಲ ಒಂದೇ ಅಪ್ಪಣೆಯನ್ನು ಒಂದೇ ಮಾತಿನಲ್ಲಿ ಹೇಳಬೇಕು. ಬೀದಿಗೆ ಹೋಗುವಾಗ, ಎತ್ತಿಗೆ ಹಾಕುವಂಥ ಕುಕ್ಕೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ತಿಂಡಿಯ ಆಸೆಯಿಂದಲೇ ಅಭ್ಯಾಸಮಾಡಿಸಬೇಕು. ಅದರೊಳಗೆ ನಾಯಿ ಬಾಯಿ ತೆರೆದು ಉಸಿರಾಡುವಂತಿರಬೇಕು.

ಇದರಲ್ಲಿ ಅತ್ಯಂತ ಕಷ್ಟವಾದುದು ನಾಯಿಯ ಶಿಕ್ಷಣವಲ್ಲ, ನನ್ನದು. ಎದುರಿಗೆ ಯಾರಾದರೂ ಬಂದರೆ ನಾನೇ ಹೆದರಿ ಹಗ್ಗವನ್ನು ಬಿಗಿಮಾಡುತ್ತಿದ್ದೆ; ನನ್ನ ದಿಗಿಲು ಹಗ್ಗದ ಮೂಲಕ ಅದರ ಕೊರಳಿಗೆ ಇಳಿಯುತ್ತಿತ್ತು. ನಾಯಿಯ ಬೊಗಳಿಕೆಯಲ್ಲಿ ನನಗಿದ್ದ ಒಳಗೊಳಗಿನ ಹೆಮ್ಮೆಯನ್ನೂ ಬಿಡಬೇಕಾಯಿತು. ಕಾನೂನು ಕೂಡ ಯಜಮಾನನನ್ನೇ ಕೇಳುತ್ತದೆ. 2023ರ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ, ತನ್ನ ಪ್ರಾಣಿಯಿಂದ ಮನುಷ್ಯರಿಗೆ ಒದಗಬಹುದಾದ ಅಪಾಯವನ್ನು ತಡೆಯಲು ತಕ್ಕ ಎಚ್ಚರಿಕೆ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದು.

ನನ್ನ ನಾಯಿ ಸಾಧುವಾಯಿತೆಂದು ನಾನು ಹೇಳಲಾರೆ. ಬೀದಿಯಲ್ಲಿ ಇಂದಿಗೂ ಕುಕ್ಕೆ ಉಂಟು. ಮಕ್ಕಳಿರುವಲ್ಲಿ ಹಗ್ಗವನ್ನು ಕೈಬಿಡುವುದಿಲ್ಲ. ಆದರೆ ಈಗ ಹೊಸಬರನ್ನು ಕಂಡರೆ ಅದು ಬೊಗಳುವ ಮುಂಚೆ ಒಮ್ಮೆ ನನ್ನ ಮುಖವನ್ನು ನೋಡುತ್ತದೆ. ಎಂಟು ತಿಂಗಳ ಮೇಲೆ ಹಾಲಿನ ಹುಡುಗನು ಮತ್ತೆ ನಮ್ಮ ಬೀದಿಗೆ ಬಂದನು. ಗೇಟಿನ ಹೊರಗೇ ನಿಂತು, “ಕಟ್ಟಿದೀರಾ ಮೇಷ್ಟ್ರೇ?” ಎಂದು ಕೇಳಿದನು. “ನಾನೇ ಹಿಡಿದುಕೊಂಡಿದ್ದೇನಪ್ಪ” ಎಂದೆ. ಅವನು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹೋದನು. ಅವನು ಒಳಗೆ ಬರುವ ದಿನಕ್ಕಾಗಿ ಇನ್ನೂ ಕಾಯುತ್ತಿದ್ದೇನೆ.