ಬಿಚ್ಚುವ ಮೊದಲು ಬರೆದುಕೊಳ್ಳಿ

(ಕಲಿಕಾ ಕೇಂದ್ರದಲ್ಲಿ ಟೀಚರ್ ಆಡಿದ ಮಾತು)



ಇವತ್ತು ಒಂದು ಯಂತ್ರದ ಕತೆ ಹೇಳ್ತೀನಿ. ಆ ಯಂತ್ರದ ಹೆಸರು ಪ್ರಿಂಟರ್. ನಿಮ್ಮ ಕೈಯಲ್ಲಿ ಅಭ್ಯಾಸದ ಹಾಳೆ ಇದೆ ಅಲ್ವಾ? ಅದನ್ನು ಅಚ್ಚು ಹಾಕುವುದು ಈ ಪ್ರಿಂಟರೇ. ನಮ್ಮ ಮನೆಯ ಮೇಜಿನ ಮೇಲೆ ಇದೆ. ನಮ್ಮ ಮಹಿಳಾ ಸಂಘದಿಂದ ಸಾಲ ತೆಗೆದು ಅದನ್ನು ತಂದೆ. ಆ ಸಾಲ ಇನ್ನೂ ತೀರಿಲ್ಲ. ಅಂದರೆ ಅದರಲ್ಲಿ ನಿಮ್ಮೆಲ್ಲರ ಉಳಿತಾಯದ ದುಡ್ಡೂ ಇದೆ.

ಹೋದ ತಿಂಗಳು ಅದು ಕೆಟ್ಟಿತು. ಹಾಳೆ ಇಟ್ಟರೆ ಒಳಗೆ ಎಳೆಯುತ್ತಿತ್ತು. ಅರ್ಧಕ್ಕೆ ಕಟಕಟ ಅಂತ ಸದ್ದು ಮಾಡುತ್ತಿತ್ತು. ಹಾಳೆ ಸುಕ್ಕಾಗಿ ನಿಲ್ಲುತ್ತಿತ್ತು. ಪ್ರತಿ ಸಲವೂ ಒಂದೇ ಜಾಗದಲ್ಲಿ ಸುಕ್ಕು.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಇದನ್ನ ಬಿಚ್ಚೋದು ದೊಡ್ಡ ಕೆಲಸ ಮೇಡಂ. ಹೊಸದು ತಗೊಳ್ಳಿ" ಅಂದರು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಹಳೆಯ ಸಾಲವೇ ಇದೆ. ಹೊಸದು ಎಲ್ಲಿಂದ ತರಲಿ?

ನಾನೇ ಬಿಚ್ಚೋಣ ಅಂದರೆ ಭಯ. ಯಾಕೆ ಗೊತ್ತಾ? ಹಿಂದೆ ಒಂದು ಸಲ ಗೋಡೆ ಗಡಿಯಾರ ಬಿಚ್ಚಿದ್ದೆ. ಬಿಚ್ಚುವಾಗ ಬಹಳ ಸುಲಭ. ಜೋಡಿಸುವಾಗ ಯಾವುದು ಎಲ್ಲಿತ್ತು ಅಂತ ಮರೆತೇ ಹೋಯಿತು. ಆ ಗಡಿಯಾರ ಮತ್ತೆ ನಡೆಯಲಿಲ್ಲ.

ಆಗ ನನಗೆ ನಮ್ಮ ಹೊಲಿಗೆ ಅಕ್ಕನ ನೆನಪಾಯಿತು. ಅವರು ಇಲ್ಲೇ ಕೂತಿದ್ದಾರೆ. ನಾಚಿಕೊಳ್ಳಬೇಡಿ ಅಕ್ಕ! ತಮ್ಮ ಹೊಲಿಗೆ ಯಂತ್ರವನ್ನು ಅವರೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸುತ್ತಾರೆ. ಆದರೆ ಮೊದಲು ತರಗತಿಗೆ ಬಂದಾಗ ಏನು ಹೇಳಿದ್ದರು? "ಕೆಲಸ ಮಾಡೋದು ಕೈ. ಈ ವಯಸ್ಸಲ್ಲಿ ಅಕ್ಷರ ಯಾಕೆ ಟೀಚರ್?" ಅಂದಿದ್ದರು. ಭಾನುವಾರ ಬನ್ನಿ ಅಕ್ಕ ಅಂದೆ. ಬಂದರು.

ಮೊದಲು ವಾರಂಟಿ ಚೀಟಿ ಓದಿದೆವು. ವಾರಂಟಿ ಇದ್ದರೆ ನಾವು ಬಿಚ್ಚಬಾರದು. ಕಂಪನಿಯವರೇ ಸರಿಮಾಡಿ ಕೊಡಬೇಕು. ನಮ್ಮದರ ಅವಧಿ ಒಂದೇ ವರ್ಷ. ಅದು ಮುಗಿದು ಆರು ತಿಂಗಳಾಗಿತ್ತು.

ಆಮೇಲೆ ಕಾಗದ ಹಾಕುವ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆವು. ಏನೂ ಕಾಣಲಿಲ್ಲ. "ತಲೆಕೆಳಗೆ ಮಾಡಿ ಕೊಡವೋಣ" ಅಂದರು ಅಕ್ಕ. ಬೇಡ ಅಂದೆ. ನಮ್ಮದು ಶಾಯಿ ತೊಟ್ಟಿ ಇರುವ ಪ್ರಿಂಟರ್. ಬಗ್ಗಿಸಿದರೆ ಶಾಯಿ ಚೆಲ್ಲುತ್ತದೆ. ಹಾಗಾಗಿ ಬಿಚ್ಚುವುದೇ ಸರಿ ಅಂತ ತೀರ್ಮಾನ ಮಾಡಿದೆವು.

ಇಲ್ಲಿ ಒಂದು ಮಾತು ನೆನಪಿಡಿ. ಮೊದಲು ಪ್ರಿಂಟರಿನ ಗುಂಡಿ ಒತ್ತಿ ಆರಿಸಬೇಕು. ಆಮೇಲೆ ಪ್ಲಗ್ ಕೀಳಬೇಕು. ಗುಂಡಿ ಒತ್ತಿದರೆ ಶಾಯಿ ಬಿಡುವ ತಲೆ ತನ್ನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಅದರ ಬಾಯಿಗೆ ರಬ್ಬರಿನ ಮುಚ್ಚಳ ಕೂರುತ್ತದೆ. ನಡುವೆಯೇ ಪ್ಲಗ್ ಕಿತ್ತರೆ ತಲೆ ದಾರಿಯಲ್ಲೇ ನಿಲ್ಲುತ್ತದೆ. ಬಾಯಿ ತೆರೆದೇ ಇದ್ದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ.

ಈ ತಲೆಯಲ್ಲಿ ನೂರಾರು ತೂತುಗಳಿವೆ. ಒಂದೊಂದು ತೂತೂ ತಲೆಗೂದಲಿಗಿಂತ ಸಣ್ಣದು. ಅಲ್ಲಿಂದ ಶಾಯಿ ಹನಿ ಹನಿಯಾಗಿ ಹಾರುತ್ತದೆ. ಹನಿಗಳು ಸೇರಿ ಅಕ್ಷರ ಆಗುತ್ತದೆ. ಹನಿ ಹಾರುವುದು ಹೇಗೆ? ಕೆಲವು ಪ್ರಿಂಟರುಗಳಲ್ಲಿ ಶಾಯಿಯನ್ನು ಥಟ್ಟನೆ ಬಿಸಿ ಮಾಡುತ್ತಾರೆ. ಗುಳ್ಳೆ ಎದ್ದು ಹನಿಯನ್ನು ಹೊರಗೆ ದೂಡುತ್ತದೆ. ಇನ್ನು ಕೆಲವರಲ್ಲಿ ಕರೆಂಟು ಹರಿದಾಗ ಒಂದು ಪುಟ್ಟ ಬಿಲ್ಲೆ ಬಾಗುತ್ತದೆ. ಅದು ಶಾಯಿಯನ್ನು ಒತ್ತುತ್ತದೆ.

ಬಿಸಿ ಮಾಡುವ ಉಪಾಯ ಹೊಳೆದದ್ದು ಒಂದು ಕೈತಪ್ಪಿನಿಂದ! 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ನಡೆದದ್ದು. ಬೆಸುಗೆ ಹಾಕುವ ಬಿಸಿ ಕಡ್ಡಿ ಒಂದು ಸೂಜಿಗೆ ತಾಗಿತು. ಆ ಸೂಜಿಯಲ್ಲಿ ಶಾಯಿ ಇತ್ತು. ಶಾಯಿ ಚಿಮ್ಮಿತು. ನೋಡಿದವರು ಅದನ್ನು ಒರೆಸಿ ಸುಮ್ಮನಾಗಲಿಲ್ಲ. ಯಾಕೆ ಹೀಗಾಯಿತು ಅಂತ ಯೋಚಿಸಿದರು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಏನಾಗುತ್ತದೆ? ನಾವು ದಿನಾ ನೋಡುವುದೇ ಅಲ್ವಾ?

ಸರಿ, ಮತ್ತೆ ನಮ್ಮ ಪ್ರಿಂಟರಿಗೆ ಬರೋಣ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿದೆವು. ಎರಡು ಬಟ್ಟಲು ಇಟ್ಟೆವು. ಒಂದು ಉದ್ದ ಸ್ಕ್ರೂಗಳಿಗೆ, ಇನ್ನೊಂದು ಗಿಡ್ಡ ಸ್ಕ್ರೂಗಳಿಗೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಮೊಬೈಲಿನಲ್ಲಿ ಫೋಟೋನೂ ತೆಗೆದೆ. ಆದರೆ ಫೋಟೋದಲ್ಲಿ ಜಾಗ ಮಾತ್ರ ಕಾಣುತ್ತದೆ. ಯಾವುದನ್ನು ಮೊದಲು ಬಿಚ್ಚಿದೆವು, ಎಷ್ಟು ಸ್ಕ್ರೂ ಇತ್ತು ಅಂತ ಅದು ಹೇಳುವುದಿಲ್ಲ. "ಅಕ್ಕ, ನಾನು ಬಿಚ್ಚುತ್ತೀನಿ. ನೀವು ಬರೀರಿ" ಅಂದೆ. ಅಕ್ಕ ಪೆನ್ಸಿಲ್ ಹಿಡಿದರು. ಅವರು ಬರೆದದ್ದು ಹೀಗಿದೆ:

1. ಹಿಂದಿನ ಮುಚ್ಚಳ. ಸ್ಕ್ರೂ 2. ಉದ್ದ.
2. ಮೇಲಿನ ಗಾಜಿನ ಪೆಟ್ಟಿಗೆ. ಸ್ಕ್ರೂ 4. ಉದ್ದ.
3. ಗುಂಡಿ ಇರುವ ಪಟ್ಟಿ. ಸ್ಕ್ರೂ 2. ಗಿಡ್ಡ.
4. ಚಪ್ಪಟೆ ವೈರು. ನೀಲಿ ಬದಿ ಮೇಲೆ.

ಹೀಗೆ 9 ಸಾಲು ಬರೆದರು. "ಗಿಡ್ಡ" ಬರೆಯುವಾಗ ಒತ್ತಕ್ಷರ ತಪ್ಪಿತು. ಒರೆಸಿ ಮತ್ತೆ ಬರೆದರು.

ಒಂದು ಕಡೆ ಮುಚ್ಚಳ ಏಳಲೇ ಇಲ್ಲ. ನಾನು ಬಲವಾಗಿ ಎಳೆಯಲು ಹೋದೆ. "ತಡೀರಿ ಟೀಚರ್. ಏಳ್ತಾ ಇಲ್ಲ ಅಂದ್ರೆ ಎಲ್ಲೋ ಹಿಡ್ಕೊಂಡಿದೆ" ಅಂದರು ಅಕ್ಕ. ಬೆರಳಾಡಿಸಿ ನೋಡಿದರು. ಮೂಲೆಯಲ್ಲಿ ಒಂದು ಸ್ಕ್ರೂ ಅಡಗಿತ್ತು. ಎಳೆದಿದ್ದರೆ ಮುರಿದೇ ಹೋಗುತ್ತಿತ್ತು.

ಒಳಗೆ ತಲೆ ಓಡಾಡುವ ದಾರಿ ಕಂಡಿತು. ಅದರ ಹಿಂದೆ ಗಾಜಿನಂಥ ತೆಳು ಪಟ್ಟಿ. ಅದರ ಮೇಲೆ ತೀರಾ ಸಣ್ಣ ಗೆರೆಗಳಿರುತ್ತವೆ. ತಲೆ ಎಲ್ಲಿದೆ ಅನ್ನುವುದನ್ನು ಯಂತ್ರ ಆ ಗೆರೆ ಎಣಿಸಿ ತಿಳಿಯುತ್ತದೆ. "ಓ, ಇದು ನಮ್ಮ ಅಳತೆ ಟೇಪು ಇದ್ದ ಹಾಗೆ!" ಅಂದರು ಅಕ್ಕ. ಅದಕ್ಕೆ ಎಣ್ಣೆ ಕೈ ತಾಗಿಸಬಾರದು. ಗೆರೆ ಮಸುಕಾದರೆ ತಲೆ ದಾರಿ ತಪ್ಪುತ್ತದೆ. ಪಕ್ಕಕ್ಕೆ ಹೋಗಿ ಢಿಕ್ಕಿ ಹೊಡೆಯುತ್ತದೆ.

ಕರೆಂಟು ಬರುವ ಪೆಟ್ಟಿಗೆಯನ್ನು ನಾವು ಮುಟ್ಟಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು. ಶಾಕ್ ಹೊಡೆಯುತ್ತದೆ. ನೀವೂ ಆ ಪೆಟ್ಟಿಗೆ ತೆರೆಯಬೇಡಿ.

ಕೊನೆಗೆ ಕಾಗದ ಎಳೆಯುವ ರಬ್ಬರ್ ಉರುಳೆ ಸಿಕ್ಕಿತು. ಅದನ್ನು ಹಿಡಿದ ಪಟ್ಟಿ ತೆಗೆದೆವು. ಕೆಳಗೆ ಏನೋ ಬೆಳ್ಳಗೆ ಕಂಡಿತು. ಚಿಮಟದಿಂದ ಎತ್ತಿದೆ. ಏನದು ಗೊತ್ತಾ?

ಬಳಪದ ಚೂರು!

ನಮ್ಮ ತರಗತಿಯ ಸ್ಲೇಟು, ಬಳಪ ಎಲ್ಲಾ ಆ ಮೇಜಿನ ಮೇಲೆಯೇ ಇಡುತ್ತೇನೆ. ಚೂರು ಉರುಳಿ ಕಾಗದದ ಬಾಯಿಗೆ ಬಿದ್ದಿತ್ತು. ತಪ್ಪು ನನ್ನದೇ. ಇಬ್ಬರೂ ನಕ್ಕುಬಿಟ್ಟೆವು. ಆ ಚೂರಿಗಾಗಿ ಇಡೀ ಯಂತ್ರ ಎಸೆಯುವುದರಲ್ಲಿದ್ದೆ!

ಉರುಳೆಗೆ ದೂಳು ಮೆತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ದೂಳು ಇದ್ದರೆ ಉರುಳೆ ಜಾರುತ್ತದೆ, ಕಾಗದ ಎಳೆಯುವುದಿಲ್ಲ.

ಈಗ ಜೋಡಿಸುವ ಕೆಲಸ. ಅಕ್ಕ ಬರೆದದ್ದನ್ನು ಕೆಳಗಿನಿಂದ ಮೇಲಕ್ಕೆ ಓದಿದರು. ಒಂಬತ್ತು, ಎಂಟು, ಏಳು... ಒಂದರ ತನಕ. ಎಲ್ಲಾ ಮುಗಿಯಿತು. ಬಟ್ಟೆ ಮಡಿಸುವಾಗ ಟಿಣ್ ಅಂತ ಸದ್ದಾಯಿತು. ಒಂದು ಸ್ಕ್ರೂ ಕೆಳಗೆ ಬಿತ್ತು.

ನನಗೆ ಸುಸ್ತಾಗಿತ್ತು. "ಹೋಗಲಿ ಬಿಡಿ ಅಕ್ಕ, ಒಂದು ತಾನೆ" ಅಂದೆ.

ಅಕ್ಕ ಬಿಡಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಓದಿದರು. "ಇದು ಗಿಡ್ಡ ಸ್ಕ್ರೂ. ಗಿಡ್ಡ ಇರೋದು ಎರಡೇ ಕಡೆ. ಮೂರನೇ ಸಾಲು, ಒಂಬತ್ತನೇ ಸಾಲು. ಮೂರರಲ್ಲಿ 2 ಹಾಕಿದ್ದೀವಿ. ಕಾಣ್ತಾ ಇದೆ. ಒಂಬತ್ತರಲ್ಲಿ 3 ಅಂತ ಬರೆದಿದ್ದೀನಿ. ನೀವು ಎಷ್ಟು ಹಾಕಿದ್ರಿ ಟೀಚರ್?"

ನಾನು ಎರಡೇ ಹಾಕಿದ್ದೆ. ಅದು ಉರುಳೆಯ ಪಟ್ಟಿಯ ಸ್ಕ್ರೂ. ಪಟ್ಟಿ ಸಡಿಲ ಇದ್ದರೆ ಕಾಗದ ಸೊಟ್ಟ ಹೋಗುತ್ತದೆ. ಮತ್ತೆ ಬಿಚ್ಚಿದೆವು. ಹಾಕಿದೆವು. ಈ ಸಲ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಪ್ಲಗ್ ಹಾಕಿ ಗುಂಡಿ ಒತ್ತಿದೆ. ನನ್ನ ಎದೆ ಡವಡವ ಅನ್ನುತ್ತಿತ್ತು. ಹಾಳೆ ಒಳಗೆ ಹೋಯಿತು. ನೆಟ್ಟಗೆ ಹೊರಗೆ ಬಂತು! ಪರೀಕ್ಷೆಯ ಗೆರೆಗಳಲ್ಲಿ ಹಳದಿ ಮಾತ್ರ ಅಲ್ಲಲ್ಲಿ ತುಂಡಾಗಿತ್ತು. ಪ್ರಿಂಟರಿನಲ್ಲೇ ತಲೆ ತೊಳೆಯುವ ಏರ್ಪಾಡು ಇದೆ. ಅದನ್ನು ಒಂದೇ ಸಲ ಮಾಡಿದೆ. ಸರಿಹೋಯಿತು. ಪದೇ ಪದೇ ಮಾಡಬಾರದು. ಪ್ರತಿ ಸಲವೂ ಶಾಯಿ ಖರ್ಚಾಗುತ್ತದೆ. ಆ ಶಾಯಿ ಒಳಗಿನ ಒಂದು ಹೀರುಬಟ್ಟೆಗೆ ಹೋಗಿ ಸೇರುತ್ತದೆ. ಅದು ತುಂಬಿದರೆ ಯಂತ್ರ ನಿಂತುಬಿಡುತ್ತದೆ.

ಎಲ್ಲಾ ರಿಪೇರಿ ನಮ್ಮಿಂದ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಸುಟ್ಟ ವಾಸನೆ ಬಂದರೆ, ಒಳಗೆ ನೀರು ಹೋದರೆ ಬಲ್ಲವರಿಗೇ ಕೊಡಿ. ಪೂರ್ತಿ ಕೆಟ್ಟದ್ದನ್ನು ತಿಪ್ಪೆಗೆ ಹಾಕಬೇಡಿ, ಸುಡಬೇಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಪ್ರಿಂಟರಿಗೂ ಅವು ಅನ್ವಯಿಸುತ್ತವೆ. ಇಂಥ ಕಸವನ್ನು ನೋಂದಣಿ ಇರುವವರಿಗೇ ಕೊಡಬೇಕು.

ಅಕ್ಕ ಬರೆದ ಹಾಳೆಯನ್ನು ಪ್ರಿಂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಮುಂದಿನ ಸಲ ಬಿಚ್ಚುವವರಿಗೆ ಅದೇ ದಾರಿ ತೋರಿಸುತ್ತದೆ. ಬಳಪ ಇಡಲು ಬೇರೆ ಡಬ್ಬಿ ತಂದಿದ್ದೇನೆ.

ಈಗ ನಿಮಗೆ ಒಂದು ಕೆಲಸ. ಮನೆಯಲ್ಲಿ ಶೆಲ್ ಹಾಕುವ ಟಾರ್ಚ್ ಇದ್ದರೆ ಬಿಚ್ಚಿ. ಒಂದೊಂದು ಭಾಗ ತೆಗೆದ ಹಾಗೂ ಅದರ ಹೆಸರು ಬರೆಯಿರಿ. ಶೆಲ್ಲಿನ ಮೂತಿ ಯಾವ ಕಡೆ ಇತ್ತು ಅಂತಲೂ ಬರೆಯಿರಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಓದುತ್ತಾ ಜೋಡಿಸಿ. ಬೆಳಕು ಬಂದರೆ ನೀವು ಬರೆದದ್ದು ಸರಿ. ಬರದಿದ್ದರೆ ಹಾಳೆಯನ್ನೂ ಟಾರ್ಚನ್ನೂ ನಾಳೆ ತರಗತಿಗೆ ತನ್ನಿ. ಎಲ್ಲರೂ ಸೇರಿ ಓದಿ ನೋಡೋಣ.