ಮೋಟಾರು ಬಂಡಿಯ ರೋಗನಿದಾನ

ನಮ್ಮ ವೈದ್ಯಶಾಸ್ತ್ರದಲ್ಲಿ ‘ನಿದಾನ’ ಎಂಬುದೊಂದು ಮಾತುಂಟು. ಲಕ್ಷಣಗಳನ್ನು ನೋಡಿ ರೋಗದ ಮೂಲಕಾರಣವನ್ನು ಗೊತ್ತುಮಾಡುವುದೇ ನಿದಾನ. ಸಾವಕಾಶವೆಂಬ ಅರ್ಥವುಳ್ಳ ‘ನಿಧಾನ’ವೆಂಬ ಮಾತು ಬೇರೆ, ಅದರಲ್ಲಿರುವುದು ಮಹಾಪ್ರಾಣದ ಧಕಾರ. ಕೇಳುವ ಕಿವಿಗೆ ಇವೆರಡೂ ಒಂದೇ ಆಗಿ ತೋರಿದರೂ ಬಾಧಕವಿಲ್ಲ. ಏಕೆಂದರೆ ಈ ಹೊತ್ತು ನಾನು ಹೇಳಬೇಕೆಂದಿರುವ ವಿಷಯಕ್ಕೆ ಎರಡೂ ಬೇಕು. ಕೆಟ್ಟುನಿಂತ ಮೋಟಾರು ಬಂಡಿಯನ್ನು ಅದರ ಒಡೆಯನೇ ಪರೀಕ್ಷಿಸಿ, ಸಾಧ್ಯವಾದಷ್ಟನ್ನು ತಾನೇ ಸರಿಪಡಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ಈ ವಿದ್ಯೆ ಹೆಚ್ಚುಕಡಮೆ ಮೋಟಾರಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆನ್ಜ್ ಎಂಬಾತನು ತಾನು ಕಟ್ಟಿದ ಮೂರು ಚಕ್ರದ ಬಂಡಿಗೆ 1886ರಲ್ಲಿ ಪೇಟೆಂಟು ಪಡೆದನು. ಆದರೆ ಕುದುರೆಯಿಲ್ಲದ ಗಾಡಿಯನ್ನು ನಂಬಿ ಹಣ ಕೊಡುವವರು ಸುಲಭವಾಗಿ ಸಿಕ್ಕಲಿಲ್ಲ. 1888ರ ಆಗಸ್ಟಿನಲ್ಲಿ ಆತನ ಪತ್ನಿ ಬರ್ತಾ ಬೆನ್ಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಕೊಂಡು ಮ್ಯಾನ್‌ಹೈಮಿನಿಂದ ಪೋರ್ಟ್ಸ್‌ಹೈಮಿಗೆ ಆತನ ಬಂಡಿಯಲ್ಲಿ ಹೊರಟಳು. ದೂರ 100 ಕಿಲೋಮೀಟರಿಗೂ ಮಿಗಿಲು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳಂತೆ. ಕಿಡಿಯ ತಂತಿಯ ಹೊದಿಕೆ ಸವೆದಿದ್ದಲ್ಲಿಗೆ ಕಾಲುಚೀಲದ ಪಟ್ಟಿಯನ್ನು ಸುತ್ತಿದಳಂತೆ. ಬ್ರೇಕಿನ ಮರದ ದಿಮ್ಮಿಗಳು ಸವೆದಾಗ ಪಾದರಕ್ಷೆ ಮಾಡುವವನನ್ನು ಕರೆಸಿ ಅವಕ್ಕೆ ಚರ್ಮ ಹೊಡೆಸಿದಳಂತೆ. ಕಥೆಯ ಸ್ವಾರಸ್ಯ ಸೂಜಿಯಲ್ಲಿಲ್ಲ. ಮೂರು ಸಲವೂ ಆಕೆ ಮೊದಲು ಕಾರಣವನ್ನು ಕಂಡುಕೊಂಡಳು, ಆಮೇಲೆ ಕೈಹಾಕಿದಳು, ತನ್ನ ಕೈಗೆ ಮೀರಿದ್ದನ್ನು ಬಲ್ಲವನಿಗೆ ಒಪ್ಪಿಸಿದಳು. ಇಡೀ ವಿದ್ಯೆಯ ಸಾರ ಇಷ್ಟೇ.

ಅಲ್ಲಿಂದ ಮುಂದೆ ಬಹುಕಾಲ ಬಂಡಿಯ ಒಡೆಯನೆಂದರೆ ಅರ್ಧ ಮೇಸ್ತ್ರಿಯೆಂದೇ ಅರ್ಥವಾಗಿತ್ತು. 1908ರಿಂದ 1927ರವರೆಗೆ ಅಮೆರಿಕದ ಫೋರ್ಡ್ ಕಾರ್ಖಾನೆ ಒಂದೂವರೆ ಕೋಟಿ ‘ಮಾಡಲ್ ಟಿ’ ಬಂಡಿಗಳನ್ನು ಮಾಡಿತು. ಅವುಗಳಲ್ಲಿ ಎಷ್ಟೋ ಬಂಡಿಗಳು ರಿಪೇರಿ ಅಂಗಡಿಯ ಸುಳಿವೇ ಇಲ್ಲದ ಹಳ್ಳಿಗಳಿಗೆ ಹೋದುವು. ಆದುದರಿಂದ ಕಾರ್ಖಾನೆಯವರು ಕೊಳ್ಳುವವನಿಗೆ ಪ್ರಶ್ನೋತ್ತರರೂಪದ ಒಂದು ಕೈಪಿಡಿಯನ್ನು ಕೊಡುತ್ತಿದ್ದರು. ನಮ್ಮ ದೇಶದಲ್ಲಿಯೂ ಅಂಬಾಸಿಡರ್, ಪದ್ಮಿನಿ ಬಂಡಿಗಳ ಕಾಲದಲ್ಲಿ ಘಟ್ಟ ಹತ್ತುವಾಗ ಎಂಜಿನ್ ನಿಂತರೆ, ಬಾನೆಟ್ಟು ಎತ್ತಿ ಪೆಟ್ರೋಲಿನ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ರೂಢಿಯಾಗಿತ್ತು. ಆ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಕಾವಿಗೆ ಅದರೊಳಗಿನ ಪೆಟ್ರೋಲು ಆವಿಯಾಗುತ್ತಿತ್ತು. ದ್ರವವನ್ನು ತಳ್ಳಲೆಂದು ಮಾಡಿದ ಪಂಪು ಆವಿಯನ್ನು ತಳ್ಳಲಾರದೆ ಸೋಲುತ್ತಿತ್ತು. ಈಗಿನ ಬಂಡಿಗಳಲ್ಲಿ ಪಂಪು ಹಿಂದಿನ ಟ್ಯಾಂಕಿನೊಳಗೇ ಮುಳುಗಿದ್ದು ಅಲ್ಲಿಂದಲೇ ಒತ್ತಡದಲ್ಲಿ ಪೆಟ್ರೋಲನ್ನು ಕಳುಹಿಸುವುದರಿಂದ ಆ ರೋಗ ಬಹುಮಟ್ಟಿಗೆ ತೊಲಗಿದೆ. ಒದ್ದೆ ಬಟ್ಟೆಯನ್ನು ಮಾತ್ರ ಕಲಿತಿದ್ದವನ ವಿದ್ಯೆ ಅಂಬಾಸಿಡರ್ ಜೊತೆಯಲ್ಲೇ ಹೋಯಿತು. ಕಾರಣವನ್ನು ತಿಳಿದಿದ್ದವನಿಗೆ ಇಂದಿಗೂ ತಿಳಿವಳಿಕೆಯುಂಟು.

ಇನ್ನು ಈಗಿನ ಬಂಡಿಗಳ ಮಾತು. ಇವುಗಳ ಮುಂದೆ ನಿಂತ ಒಡೆಯನಿಗೆ ಎರಡು ಬಗೆಯ ಆಪತ್ತುಗಳುಂಟು. ನನಗೇನೂ ತಿಳಿಯದೆಂದು ಕೈಕಟ್ಟಿ ನಿಲ್ಲುವುದು ಒಂದು. ಯಾರೋ ಹೇಳಿದರೆಂದು ಒಂದಾದಮೇಲೊಂದು ಬಿಡಿಭಾಗವನ್ನು ತಂದು ಹಾಕುವುದು ಮತ್ತೊಂದು. ಎರಡನೆಯದನ್ನು ಅನೇಕರು ಸ್ವಂತ ರಿಪೇರಿಯೆಂದು ತಿಳಿದಿದ್ದಾರೆ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಹಾಕುವ ಚಿಕಿತ್ಸೆ. ಹೊಸ ಭಾಗವನ್ನು ಹಾಕಿದ್ದರಿಂದ ದೋಷ ಸಿಕ್ಕಿತೆಂದು ಅರ್ಥವಲ್ಲ. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿ ಬಂಡಿ ಸರಿಹೋದರೂ, ಕೆಟ್ಟಿದ್ದುದು ಯಾವುದೆಂಬುದು ಕೊನೆಗೂ ತಿಳಿಯುವುದಿಲ್ಲ. ಎರಡು ಭಾಗದ ಹಣ ವ್ಯರ್ಥ. ಕಲಿಯಬೇಕಾಗಿದ್ದ ಪಾಠವೂ ನಷ್ಟ.

ತೀರ ಸಾಮಾನ್ಯವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಬಂಡಿ ಹೊರಡುವುದಿಲ್ಲ. ಕೂಡಲೇ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವುದು ವಾಡಿಕೆ. ಅದಕ್ಕೆ ಮುಂಚೆ ಕಿವಿಗೊಟ್ಟು ಕೇಳಬೇಕು. ಕೀಲಿ ತಿರುಗಿಸಿದಾಗ ಎಂಜಿನ್ ಚೆನ್ನಾಗಿ ಸುತ್ತಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ತಪ್ಪಿರಲಾರದು. ಪೆಟ್ರೋಲಿನ ಅಥವಾ ಕಿಡಿಯ ದಾರಿಯನ್ನು ಹುಡುಕಬೇಕು. ಟಕ್ಕೆಂದು ಸದ್ದಾಗಿ ಸುಮ್ಮನಾದರೆ, ಅಥವಾ ದೀಪಗಳು ಮಂಕಾದರೆ, ವಿದ್ಯುತ್ತು ಸಾಲದೆಂದು ಊಹಿಸಬಹುದು. ಊಹೆಯನ್ನು ಅಳತೆಯಿಂದ ಪರೀಕ್ಷಿಸಬೇಕು. ಬಂಡಿಯ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ತುಂಬಿದ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಒಳ್ಳೆಯ ಬ್ಯಾಟರಿ ಸಣ್ಣ ಮಲ್ಟಿಮೀಟರಿನಲ್ಲಿ ಸುಮಾರು 12.6 ತೋರಿಸಬೇಕು, 12.2 ತೋರಿಸಿದರೆ ಅರ್ಧ ಖಾಲಿ. 12ಕ್ಕೂ ಕೆಳಗಿದ್ದರೆ ಹೆಚ್ಚುಕಡಮೆ ಬರಿದು.

ಆದರೆ ಬರಿದಾಗಿರುವುದು ಬೇರೆ, ಕೆಟ್ಟಿರುವುದು ಬೇರೆ. ಗಡಿಗೆಯಲ್ಲಿ ನೀರಿಲ್ಲವೆಂದ ಮಾತ್ರಕ್ಕೆ ಗಡಿಗೆ ಒಡೆದಿದೆಯೆನ್ನಬಹುದೆ? ತುಂಬುವವರು ತುಂಬದೆ ಇರಬಹುದು. ಬಂಡಿಯನ್ನು ಹೇಗಾದರೂ ಹೊರಡಿಸಿ, ಎಂಜಿನ್ ಓಡುತ್ತಿರುವಾಗ ಅದೇ ಬ್ಯಾಟರಿಯನ್ನು ಮತ್ತೆ ಅಳೆಯಬೇಕು. ಸಾಮಾನ್ಯವಾಗಿ 14 ವೋಲ್ಟಿನ ಸುತ್ತುಮುತ್ತ ಇರತಕ್ಕದ್ದು. ಅಳತೆ ಮೇಲೇರದೆ 12ರ ಬಳಿಯೇ ಇಳಿಯುತ್ತ ಹೋದರೆ, ವಿದ್ಯುತ್ತು ತುಂಬುವ ಆಲ್ಟರ್ನೇಟರೋ ಅದರ ಬೆಲ್ಟೋ ತನ್ನ ಕೆಲಸ ಮಾಡುತ್ತಿಲ್ಲ. ಅಲ್ಲಿ ಹೊಸ ಬ್ಯಾಟರಿ ಕೊಂಡವನಿಗೆ ಕೆಲವೇ ದಿನಗಳಲ್ಲಿ ಅದೇ ಗತಿ. ಎರಡೂ ಸರಿಯಾಗಿದ್ದರೆ ತಂತಿಯ ಹಿಡಿಕೆಗಳನ್ನು ನೋಡಬೇಕು. ಅವುಗಳ ಮೇಲೆ ಬೆಳೆದ ಬಿಳಿಯ, ಹಸಿರಿನ ಕಿಲುಬು ವಿದ್ಯುತ್ತನ್ನು ತಡೆಯುತ್ತದೆ. ಋಣದ ಹಿಡಿಕೆಯನ್ನು ಮೊದಲು ಬಿಚ್ಚಿ, ಅಡುಗೆಸೋಡ ಬೆರಸಿದ ನೀರಿನಲ್ಲಿ ತಿಕ್ಕಿ ಒರಸಿ, ಬಿಗಿಯಾಗಿ ಕಟ್ಟುವಾಗ ಅದನ್ನೇ ಕೊನೆಗೆ ಕಟ್ಟಿದರೆ ಸಾಕು. ಸಾವಿರಾರು ರೂಪಾಯಿಯ ಬ್ಯಾಟರಿಯ ರೋಗವೆಂದುಕೊಂಡದ್ದು ಎಷ್ಟೋ ಸಲ ಒಂದು ಚಮಚ ಸೋಡದಲ್ಲಿ ಗುಣವಾಗುತ್ತದೆ.

ಎರಡನೆಯ ಉದಾಹರಣೆ ಗಣಕಯಂತ್ರಕ್ಕೆ ಸೇರಿದುದು. ಈಗಿನ ಬಂಡಿ ತನ್ನ ರೋಗವನ್ನು ತಾನೇ ಗುರುತುಹಾಕಿಕೊಳ್ಳಬಲ್ಲದು. ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಒಂದೇ ತೆರದ ಈ ಏರ್ಪಾಡು 1996ನೆಯ ಮಾದರಿ ವರ್ಷದಿಂದ ಕಡ್ಡಾಯವಾಯಿತು; ನಮ್ಮ ದೇಶಕ್ಕೂ ಅನಂತರ ಬಂದಿತು. ಚಾಲಕನ ಮುಂದೆ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿದರೆ, ಸ್ಟಿಯರಿಂಗಿನ ಬಳಿ ಕೆಳಗಿರುವ 16 ಮೊಳೆಗಳ ಕನೆಕ್ಟರಿಗೆ ಅಗ್ಗದ ಸ್ಕ್ಯಾನರನ್ನು ಸೇರಿಸಿ ರೋಗದ ಸಂಖ್ಯೆಯನ್ನು ಯಾರಾದರೂ ಓದಬಹುದು. ಮೋಸಹೋಗುವುದು ಇಲ್ಲಿಯೇ. ಸಂಖ್ಯೆ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಪಿ 0171 ಎಂಬ ಸಂಖ್ಯೆಗೆ ಗಾಳಿಯ ಪಾಲಿಗೆ ತಕ್ಕಷ್ಟು ಪೆಟ್ರೋಲಿಲ್ಲವೆಂದು ಅರ್ಥ. ಈ ಸುದ್ದಿಯನ್ನು ತಂದುದು ಆಮ್ಲಜನಕದ ಸೆನ್ಸರು; ಅನೇಕರು ಅದನ್ನೇ ಕಿತ್ತು ಹೊಸದನ್ನು ಹಾಕುವರು. ನಿಜವಾದ ಕಾರಣ ಬಿರುಕುಬಿಟ್ಟ ಒಂದು ರಬ್ಬರಿನ ಕೊಳವೆಯಾಗಿರಬಹುದು. ಕೆಟ್ಟ ಸುದ್ದಿ ತಂದ ದೂತನನ್ನು ದಂಡಿಸಿದರೆ ರಾಜ್ಯ ಉಳಿಯುವುದೆ?

ಇದಕ್ಕೆ ಪ್ರತಿಯಾಗಿ ಒಳ್ಳೆಯ ಪರೀಕ್ಷೆ ಹೇಗಿರುತ್ತದೆಂಬುದನ್ನು ನೋಡಿ. ಪಿ 0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಕಾರಣ ಪ್ಲಗ್ಗೇ, ಅದಕ್ಕೆ ಕಿಡಿಯ ಶಕ್ತಿ ಕೊಡುವ ಕಾಯಿಲೇ, ಇಂಧನ ಚಿಮ್ಮಿಸುವ ಇಂಜೆಕ್ಟರೇ, ಬೇರೇನಾದರೂ ಇದೆಯೇ ತಿಳಿಯದು. ಪ್ರತಿಯೊಂದು ಪ್ಲಗ್ಗಿಗೂ ಪ್ರತ್ಯೇಕ ಕಾಯಿಲಿರುವ ಬಂಡಿಯಾದರೆ, ಎಂಜಿನ್ ನಿಲ್ಲಿಸಿ ತಣ್ಣಗಾದಮೇಲೆ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದನ್ನು ಎರಡನೆಯದಕ್ಕೂ ಹಾಕಬೇಕು. ಬೇರೆ ಯಾವುದನ್ನೂ ಮುಟ್ಟಕೂಡದು. ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅಳಿಸಿ, ಬಂಡಿಯನ್ನು ಓಡಿಸಿ ನೋಡಬೇಕು. ಈಗ ಪಿ 0303 ಬಂದರೆ ರೋಗವು ಕಾಯಿಲಿನೊಡನೆ ಸ್ಥಳ ಬದಲಿಸಿತೆಂದಾಯಿತು, ಅಪರಾಧಿ ಅದೇ. ಮತ್ತೆ ಪಿ 0302 ಬಂದರೆ ಕಾಯಿಲು ನಿರಪರಾಧಿ; ಇದೇ ರೀತಿಯಲ್ಲಿ ಪ್ಲಗ್ಗನ್ನು ಪರೀಕ್ಷಿಸಬಹುದು. ಒಂದು ಕಾಸೂ ಖರ್ಚಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುವ ತಾಳ್ಮೆಯೇ ಇಲ್ಲಿ ಬಂಡವಾಳ. ಆ ಹಳದಿ ದೀಪ ಸ್ಥಿರವಾಗಿ ಉರಿಯದೆ ಮಿಣುಕುತ್ತಿದ್ದರೆ ಮಾತ್ರ ಪರೀಕ್ಷೆಗೆ ಓಡಿಸಬಾರದು. ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ದುಬಾರಿಯಾದ ಹೊಗೆಶೋಧಕವನ್ನು ಸುಟ್ಟುಹಾಕೀತು.

ಎಂಜಿನ್ ಕಾಯುವ ರೋಗದಲ್ಲಿಯೂ ಸಮಯಸಂದರ್ಭಗಳೇ ಕಾರಣವನ್ನು ಸೂಚಿಸುತ್ತವೆ. ಊರಿನ ಸಂದಣಿಯಲ್ಲಿ ಕಾದು, ಬಯಲಿನ ರಸ್ತೆಯಲ್ಲಿ ತಣ್ಣಗಾದರೆ ಫ್ಯಾನನ್ನು ಸಂಶಯಿಸಬೇಕು. ಓಟದಲ್ಲಿ ಗಾಳಿ ತಾನೇ ಬೀಸುವುದರಿಂದ ಅಲ್ಲಿ ಫ್ಯಾನಿನ ದೋಷ ಮರೆಯಾಗುತ್ತದೆ. ಏರು ಹತ್ತುವಾಗ, ವೇಗವಾಗಿ ಓಡುವಾಗ ಕಾದರೆ, ನೀರು ಕಡಮೆಯಾಗಿದೆಯೋ, ರೇಡಿಯೇಟರು ಕಟ್ಟಿಕೊಂಡಿದೆಯೋ, ನೀರಿಗೆ ದಾರಿಬಿಡುವ ಥರ್ಮಾಸ್ಟಾಟು ತೆರೆಯುತ್ತಿಲ್ಲವೋ ನೋಡಬೇಕು. ಏನೇ ಆಗಲಿ, ಕಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಒಂದು ವಾತಾವರಣದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟರೆ 120ರ ಹತ್ತಿರ ಬರುವವರೆಗೂ ಕುದಿಯದು. ಆ ಒತ್ತಡವನ್ನು ಥಟ್ಟನೆ ಬಿಟ್ಟರೆ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಎರಚುವುದು. ಬಂಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯುವುದೇ ವಿವೇಕ.

ಇಲ್ಲಿಗೆ ಸ್ವಂತ ರಿಪೇರಿಯ ಎಲ್ಲೆಯನ್ನು ಕುರಿತು ಹೇಳಬೇಕಾಗುತ್ತದೆ. ಕೆಲವು ಕೆಲಸಗಳಲ್ಲಿ ತಪ್ಪಾದರೆ ಬಂಡಿ ನಿಲ್ಲುತ್ತದೆ. ಕೆಲವು ಕೆಲಸಗಳಲ್ಲಿ ತಪ್ಪಾದರೆ ಬಂಡಿ ನಿಲ್ಲುವುದೇ ಇಲ್ಲ. ಬ್ರೇಕು ಮತ್ತು ಸ್ಟಿಯರಿಂಗು ಎರಡನೆಯ ಜಾತಿಗೆ ಸೇರಿದುವು. ಬ್ರೇಕಿನ ಎಣ್ಣೆಯ ಮಟ್ಟವನ್ನು ನೋಡುವುದು, ಪ್ಯಾಡು ಎಷ್ಟು ಸವೆದಿದೆಯೆಂದು ಇಣುಕುವುದು ಒಡೆಯನ ಕರ್ತವ್ಯ. ಅವುಗಳನ್ನು ಬಿಚ್ಚುವುದು ಬಲ್ಲವನ ಪಕ್ಕದಲ್ಲಿ ನಿಂತು ಕಲಿತವನ ಕೆಲಸ. ಜಾಕಿರುವುದು ಚಕ್ರ ಬದಲಿಸುವುದಕ್ಕೆ ಮಾತ್ರ; ಅದೊಂದನ್ನೇ ನಂಬಿ ಬಂಡಿಯ ಕೆಳಗೆ ಮಲಗುವುದು ಪ್ರಾಣವನ್ನು ಪಣಕ್ಕೊಡ್ಡಿದಂತೆ. ಗಾಳಿಚೀಲದ ತಂತಿಗಳನ್ನೂ, ವಿದ್ಯುತ್ ಬಂಡಿಗಳಲ್ಲಿ ನೂರಾರು ವೋಲ್ಟ್ ಹರಿಯುವ ಕಿತ್ತಳೆಬಣ್ಣದ ತಂತಿಗಳನ್ನೂ ಮುಟ್ಟಲೇಬಾರದು.

ಹಾಗಾದರೆ ಮೇಸ್ತ್ರಿಯ ಬಳಿಗೆ ಹೋಗಲೇಬೇಕಾದಾಗ ಈ ವಿದ್ಯೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನ ಅಲ್ಲಿಯೇ ಹೆಚ್ಚು. “ಗಾಡಿ ಯಾಕೋ ಸರಿಯಾಗಿಲ್ಲ, ನೋಡಿ ಮೇಸ್ತ್ರಿಗಳೆ” ಎನ್ನುವವನು ಅವರನ್ನೂ ಕತ್ತಲೆಗೆ ನೂಕುತ್ತಾನೆ. “ತಣ್ಣಗಿರುವಾಗ ಮಾತ್ರ ಅದುರುತ್ತದೆ, ಕಾದಮೇಲೆ ನಿಲ್ಲುತ್ತದೆ, ಕಾಯಿಲು ಅದಲುಬದಲು ಮಾಡಿ ನೋಡಿದೆ, ಸಂಖ್ಯೆ ಬದಲಾಗಲಿಲ್ಲ” ಎಂದು ಹೇಳುವವನು ಅರ್ಧ ಕೆಲಸವನ್ನು ಮುಗಿಸಿಕೊಂಡೇ ಹೋಗಿರುತ್ತಾನೆ. ಒಳ್ಳೆಯ ಕುಶಲಿಗೆ ಇಂಥ ಗಿರಾಕಿಯಿಂದ ಸಂತೋಷ. ಅಲ್ಲದವನಿಗೆ ಇಂಥವನೆದುರು ಬೇಡದ ಭಾಗವನ್ನು ಮಾರುವುದು ಕಷ್ಟ.

ತಿಳಿವಳಿಕೆಯ ಈ ಬೀದಿಗೆ ಬಾಗಿಲು ಹಾಕಲು ಯಾರಿಗೆ ಅಧಿಕಾರವಿದೆಯೆಂಬ ಪ್ರಶ್ನೆ ನಮ್ಮ ದೇಶದಲ್ಲಿಯೂ ವಿಚಾರಣೆಗೆ ಬಂದಿದೆ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡವನ್ನು ವಿಧಿಸಿತು. ಬಿಡಿಭಾಗಗಳೂ ರೋಗ ಪತ್ತೆಮಾಡುವ ಉಪಕರಣಗಳೂ ಹೊರಗಿನ ರಿಪೇರಿಯವರಿಗೆ ದೊರೆಯದಂತೆ ಮಾಡಲಾಗಿದೆಯೆಂಬುದು ಅಲ್ಲಿಯ ದೂರು. ಕೆಲವು ಕಂಪನಿಗಳು ಮೇಲ್ಮನವಿಗೆ ಹೋದುವು. ವ್ಯಾಜ್ಯದ ವಿವರ ಏನೇ ಇರಲಿ, ಅದರ ತಿರುಳು ಸಣ್ಣದಲ್ಲ: ಹಣ ಕೊಟ್ಟು ಕೊಂಡ ವಸ್ತುವಿಗೆ ಏನಾಗಿದೆಯೆಂದು ತಿಳಿಯುವ ಹಕ್ಕು ಒಡೆಯನಿಗೂ, ಮೂಲೆಯಂಗಡಿಯ ಮೇಸ್ತ್ರಿಗೂ ಉಂಟು.

ಆ ಹಕ್ಕನ್ನು ನ್ಯಾಯಸ್ಥಾನಗಳು ಕಾಯ್ದುಕೊಡಬಹುದು; ಉಪಯೋಗಿಸಬೇಕಾದವರು ನಾವು. ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ: ಒಂದು ಮಲ್ಟಿಮೀಟರು, ಒಂದು ಸ್ಕ್ಯಾನರು, ಬಂಡಿಯೊಡನೆ ಬಂದು ಮುಂದಿನ ಪೆಟ್ಟಿಗೆಯಲ್ಲಿ ಮುಚ್ಚಿಯೇ ಇರುವ ಕೈಪಿಡಿ, ದಿನ, ಲಕ್ಷಣ, ಮಾಡಿದ ಕೆಲಸಗಳನ್ನು ಗುರುತುಹಾಕಲು ಒಂದು ಟಿಪ್ಪಣಿಪುಸ್ತಕ. ಮುಂದಿನ ಸಲ ಬಂಡಿ ಮುನಿಸಿಕೊಂಡಾಗ ಸ್ಪ್ಯಾನರಿಗೆ ಕೈಹಾಕುವ ಮೊದಲು ಆ ಪುಸ್ತಕವನ್ನು ತೆಗೆದು, ಕಂಡದ್ದನ್ನೂ ಕೇಳಿದ್ದನ್ನೂ ನಾಲ್ಕು ಸಾಲು ಬರೆದುನೋಡಿ. ನಿದಾನ ಅಲ್ಲಿಂದ ಮೊದಲಾಗುತ್ತದೆ.