ಹೆಜ್ಜೆಯಿಂದ ಪಟ್ಟೆಗೆ



1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಗ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ನೋಡಿ. ಗಾರ್ಡು, ವಾಚರುಗಳು ಹೆಜ್ಜೆಯ ಮೇಲೆ ಗಾಜಿಟ್ಟು ಅಂಚು ಗೀಚಿಕೊಳ್ಳುತ್ತಿದ್ದರು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. ಬೆವರಿನ ಕೆಲಸ ಅದು. ಆದರೆ ಒಂದೇ ಹುಲಿ ಕೆಸರಿನಲ್ಲಿ ಒಂದು ತರಹ, ಧೂಳಿನಲ್ಲಿ ಇನ್ನೊಂದು ತರಹ ಹೆಜ್ಜೆ ಮೂಡಿಸುತ್ತದೆಯಲ್ಲ!

ಹುಲಿಯ ಮೈಪಟ್ಟೆ ಮಾತ್ರ ಬದಲಾಗುವುದಿಲ್ಲ. ನಾಗರಹೊಳೆಯಲ್ಲಿ ಅಧ್ಯಯನ ಮಾಡುತ್ತಿದ್ದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹಿಡಿದದ್ದು ಈ ಜಾಡನ್ನೇ. ಹುಲಿ ಓಡಾಡುವ ದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾ. ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ, ಅದಕ್ಕೇ ಎರಡು ಬೇಕು. ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಆ ಲೆಕ್ಕಕ್ಕೆ ಜೊತೆಯಾದವರು ಅಮೆರಿಕದ ಜೇಮ್ಸ್ ನಿಕೋಲ್ಸ್. ಕಾಡು ಅರಣ್ಯ ಇಲಾಖೆಯದು, ದಾರಿ ಬಲ್ಲವರು ಸ್ಥಳೀಯರು, ಮೈಲಿಗಟ್ಟಲೆ ನಡೆದು ಹುಲಿಯ ಆಹಾರವಾದ ಜಿಂಕೆ, ಕಡವೆ ಎಣಿಸಿದವರು ಸ್ವಯಂಸೇವಕರು. ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಆ ಕೆಲಸ ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಹೆಜ್ಜೆಯ ಲೆಕ್ಕದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು 2005ರಲ್ಲಿ ಬಯಲಾಯಿತು. ಆಮೇಲಷ್ಟೇ ದೇಶದ ಗಣತಿ ಹೆಜ್ಜೆ ಬಿಟ್ಟು ಕ್ಯಾಮೆರಾ ಹಿಡಿಯಿತು.

ಫೋಟೊಗಳು ಇನ್ನೊಂದು ಸಂಗತಿಯನ್ನೂ ಹೇಳಿದವು. 2011ರಲ್ಲಿ ಶಿಕಾರಿಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಲಿ ಸೆರೆಸಿಕ್ಕಿತು. ಹಳೆಯ ಚಿತ್ರಗಳ ಜೊತೆ ಪಟ್ಟೆ ಹೋಲಿಸಿದರೆ, ಅದು ಬಂಡೀಪುರದ್ದು! 200 ಕಿಲೋಮೀಟರಿಗೂ ದೂರ ಬಂದಿತ್ತು. ನಡುವೆ ಎಷ್ಟು ತೋಟ, ಎಷ್ಟು ಊರು, ಎಷ್ಟು ಹೆದ್ದಾರಿ! ಯಾರ ಕಣ್ಣಿಗೆ ಬಿದ್ದಿತ್ತೋ, ಯಾರ ಕಣ್ಣು ತಪ್ಪಿಸಿತ್ತೋ. ಅಭಯಾರಣ್ಯದ ಬೇಲಿಯೊಳಗೆ ಮಾತ್ರ ಹುಲಿ ಕಾಯುತ್ತೇವೆಂದರೆ ಸಾಲದು ಎಂದು ನನಗೆ ಮನದಟ್ಟಾದದ್ದು ಈ ಒಂದು ಹುಲಿಯಿಂದ.

ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡು ಒಂದಕ್ಕೊಂದು ಅಂಟಿಕೊಂಡ ಕಾಡು; ರಾಜ್ಯ ಮಾತ್ರ ಮೂರು. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು ವನ್ಯಧಾಮವಾದಾಗ ಬಿಳಿಗಿರಿಯಿಂದ ಕಾವೇರಿಯತ್ತ ಹೋಗುವ ಕಾಡಿಗೂ ಕಾವಲು ಬಂತು. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ಇವತ್ತು ರಾತ್ರಿಯೂ ಅಲ್ಲಿ ಗೇಟು ಬೀಳುತ್ತದೆ. ಆಮೇಲೆ ಆ ಡಾಂಬರು ದಾಟುವ ಸರದಿ ಆನೆಯದು, ಕಾಟಿಯದು, ಹುಲಿಯದು.